ಮೂರನೇ ಕೈ

ಪುಣೆಯ ಕನ್ನಡಿಗರ ಒಂದು ಕಾರ್ಯಕ್ರಮದಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಹಿರಿಯರೊಬ್ಬರು "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. "ಬರೆಯೋ ಕೆಲಸ" ಎಂದೆ. ಅವರ ಮುಖ ಅರಳಿತು. ಕತೆಯೋ ಕವಿತೆಯೋ ಎಂದರು. "ಮಾತ್ರೆ ಪ್ಯಾಕ್ ಮಾಡುವ ಯಂತ್ರದ ಬೆಲ್ಟ್ ಬದಲಾಯಿಸೋದು ಹೇಗೆ ಅಂತ ಬರೀತೀನಿ" ಎಂದೆ. ಅರಳಿದ ಮುಖ ಮುಚ್ಚಿಕೊಳ್ಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲೇನಲ್ಲ. "ಹಾಂ, ಅದೂ ಬೇಕಲ್ಲ" ಎಂದು ಅವರು ಚಟ್ನಿಯ ಕಡೆ ಹೋದರು.

ಅದೂ ಬೇಕು. ಈ "ಅದೂ" ಎನ್ನುವ ಪದದೊಳಗೆ ನಾನು ಹದಿನಾಲ್ಕು ವರ್ಷಗಳಿಂದ ಸಂಸಾರ ಮಾಡಿಕೊಂಡಿದ್ದೇನೆ. ಊರಿನಿಂದ ಹೊರಟಾಗ ಚೀಲದಲ್ಲಿ ನಾಲ್ಕು ಅರ್ಧ ಕತೆಗಳಿದ್ದವು. ಅವು ಈಗಲೂ ಅರ್ಧವೇ. ಪೂರ್ತಿಯಾಗಿರುವುದು ಮಾತ್ರ ಹನ್ನೊಂದು ಸರ್ವಿಸ್ ಮ್ಯಾನುಅಲ್‌ಗಳು, ಅವುಗಳ ಮೂವತ್ತಕ್ಕೂ ಹೆಚ್ಚು ಆವೃತ್ತಿಗಳು. ಯಾವುದರ ಮೇಲೂ ನನ್ನ ಹೆಸರಿಲ್ಲ. ಯಾರೂ ಅವುಗಳನ್ನು ಓದಲು ಬಯಸಿ ಓದುವುದಿಲ್ಲ. ಏನೋ ಕೆಟ್ಟಾಗ, ಪಕ್ಕದಲ್ಲಿ ಮೇಲಧಿಕಾರಿ ನಿಂತು ವಾಚು ನೋಡುತ್ತಿರುವಾಗ, ಎಣ್ಣೆ ಕೈಯಲ್ಲಿ ಪುಟ ತಿರುವುತ್ತಾರೆ.

ಹೀಗಿದ್ದೂ ಈ ಕೆಲಸದಲ್ಲಿ ನನಗೆ ಆಗಾಗ ಒಂದು ಹಿಗ್ಗು ಬರುತ್ತದೆ. ಹೆಮ್ಮೆ ಎನ್ನಲಾರೆ, ಹೆಮ್ಮೆಗೆ ನೋಡುವವರು ಬೇಕು. ತೃಪ್ತಿಯೂ ಅಲ್ಲ, ಅದು ಊಟವಾದ ಮೇಲಿನ ಭಾವ. ಇದು ಕೆಲಸದ ನಡುವೆಯೇ ಬರುತ್ತದೆ, ಬೇಸರದ ಒಳಗಿನಿಂದ, ಕರೆಯದೆ. ಬಹಳ ದಿನ ಇದರ ಬಗ್ಗೆ ನನಗೆ ಅನುಮಾನವಿತ್ತು. ನನ್ನದಲ್ಲದ, ಹೆಸರಿಲ್ಲದ ಬರಹದಲ್ಲಿ ಖುಷಿ ಸಿಗುವುದು ನಿಜವಾದ ಖುಷಿಯೋ, ಅಥವಾ ಸಂಬಳಕ್ಕೆ ಒಗ್ಗಿಹೋದ ಮನಸ್ಸು ತನಗೆ ತಾನೇ ಹೇಳಿಕೊಳ್ಳುವ ಸುಳ್ಳೋ? ಈ ಅನುಮಾನ ಪೂರ್ತಿ ಹೋಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಓದುವವರಲ್ಲಿ ಅನೇಕರು ನನ್ನಂತೆಯೇ ಯಾವುದೋ "ಅದೂ ಬೇಕು" ಎನ್ನುವ ಕೆಲಸದಲ್ಲಿ ಇರಬಹುದು: ಟೆಸ್ಟಿಂಗ್, ಆಡಿಟ್, ರಿಪೋರ್ಟು, ಎಕ್ಸೆಲ್.

ಮೊದಲು ಬೇಸರದ ಮಾತು. ಒಂದು ಯಂತ್ರದ ದೋಷ ಸಂಕೇತಗಳ ಕೋಷ್ಟಕ ಅಂದರೆ ಇನ್ನೂರಕ್ಕೂ ಹೆಚ್ಚು ಸಾಲು. ಪ್ರತಿ ಸಾಲಿಗೂ ಸಂಕೇತ, ಅರ್ಥ, ಸಂಭವನೀಯ ಕಾರಣ, ಮಾಡಬೇಕಾದ ಕ್ರಮ. ಅರ್ಧಕ್ಕರ್ಧ ಸಂಕೇತಗಳ ಅರ್ಥ ಅವುಗಳನ್ನು ಬರೆದ ಇಂಜಿನಿಯರಿಗೇ ಮರೆತಿರುತ್ತದೆ. ಅವನು ಕೆಲಸ ಬಿಟ್ಟು ಹೈದರಾಬಾದಿಗೆ ಹೋಗಿರುತ್ತಾನೆ. ಫೋನ್ ಮಾಡಿದರೆ "ಅದಾ? ಅದು ಬರೋದೇ ಇಲ್ಲ ಬಿಡಿ" ಎನ್ನುತ್ತಾನೆ. ಬರೋದೇ ಇಲ್ಲದಿದ್ದರೆ ಯಾಕೆ ಇಟ್ಟೆ ಮಾರಾಯ?

ಈ ಕೋಷ್ಟಕ ಮಾಡುವಾಗಲೆಲ್ಲ ನನಗೆ ಥೆರಾಕ್-25 ನೆನಪಾಗುತ್ತದೆ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಕೆನಡಾದ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ಬಾರಿ ರೋಗಿಗಳಿಗೆ ಭಾರೀ ಪ್ರಮಾಣದ ವಿಕಿರಣ ಸುರಿಯಿತು. 1986ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಒಂದು ಆಸ್ಪತ್ರೆಯಲ್ಲಿ ಪರದೆಯ ಮೇಲೆ "ಮಾಲ್ಫಂಕ್ಷನ್ 54" ಎಂದು ಬಂತು. ಯಂತ್ರದ ಜೊತೆ ಕೊಟ್ಟ ಮ್ಯಾನುಅಲ್‌ನಲ್ಲಿ ಆ ಸಂಖ್ಯೆಗೆ ವಿವರಣೆ ಇರಲಿಲ್ಲ. ಇಂಥ ಸಂದೇಶಗಳು ದಿನವೂ ಬರುತ್ತಿದ್ದವು, ಮುಂದುವರಿಸುವ ಕೀಲಿ ಒತ್ತಿದರೆ ಯಂತ್ರ ನಡೆಯುತ್ತಿತ್ತು. ಆಪರೇಟರ್ ಒತ್ತಿದರು. ಆ ರೋಗಿ ಐದು ತಿಂಗಳ ನಂತರ ತೀರಿಕೊಂಡರು. ಮೂಲ ತಪ್ಪು ಸಾಫ್ಟ್‌ವೇರಿನದು, ರಕ್ಷಣೆಗಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದುಹಾಕಿದ್ದರದು. ಮ್ಯಾನುಅಲ್ ಸರಿಯಿದ್ದಿದ್ದರೆ ಎಲ್ಲರೂ ಬದುಕುತ್ತಿದ್ದರು ಎಂದರೆ ನನ್ನ ವೃತ್ತಿಗೆ ಇಲ್ಲದ ಕೋಡು ಮೂಡಿಸಿದಂತೆ. ಆದರೆ ಯಾರೋ ಒಬ್ಬರು 54ನೇ ಸಾಲಿನ ಮುಂದೆ ಕೂತು "ಇದರ ಅರ್ಥವೇನು?" ಎಂದು ಪಟ್ಟು ಹಿಡಿದು ಕೇಳಿದ್ದರೆ, ಉತ್ತರ ಹುಡುಕಬೇಕಾದವರು ಬೇರೆ ಏನನ್ನೋ ಕಾಣುತ್ತಿದ್ದರೇನೋ.

ಬೇಸರದ ಕೆಲಸ ಎಂದರೆ ಎಲ್ಲರೂ ಕಣ್ಣು ಹಾಯಿಸಿ ದಾಟಿಹೋಗುವ ಜಾಗ. ಅಲ್ಲಿ ನಿಲ್ಲುವುದಕ್ಕೆಂದೇ ಸಂಬಳ ಪಡೆಯುವ ಮನುಷ್ಯ ನಾನು.

ನಿಂತಾಗ ಮೊದಲ ಬಾರಿ ಸಿಕ್ಕಿದ್ದು ಮೂರನೇ ಕೈ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಇಂಜಿನಿಯರುಗಳು ಕೊಟ್ಟ ಟಿಪ್ಪಣಿಯಲ್ಲಿ ಬೆಲ್ಟ್ ಬದಲಾಯಿಸುವ ವಿಧಾನ ಒಂಬತ್ತು ಹಂತಗಳಲ್ಲಿತ್ತು. ಇಂಗ್ಲಿಷ್ ಸರಿಮಾಡಿ ಕಳಿಸಿದರೆ ಆಯಿತು ಎಂದುಕೊಂಡಿದ್ದೆ. ಆದರೆ ಏಳನೇ ಹಂತದ ಚಿತ್ರ ಸ್ಪಷ್ಟವಿರಲಿಲ್ಲ. ಫೋಟೋ ತೆಗೆಯೋಣ ಎಂದು ಭೋಸರಿಯ ಶೆಡ್ಡಿಗೆ ಹೋದೆ. ಹೋದವನೇ, ಹೇಗೂ ಬಂದಿದ್ದೇನೆ ಎಂದು, ಬರೆದಂತೆ ಮಾಡಿ ನೋಡಿದೆ. ಎಡಗೈಯಲ್ಲಿ ಕವರ್ ಎತ್ತಿ ಹಿಡಿಯಿರಿ. ಹಿಡಿದೆ. ಬಲಗೈಯಲ್ಲಿ ಲೀವರ್ ಒತ್ತಿ ಹಿಡಿಯಿರಿ. ಹಿಡಿದೆ. ಬೆಲ್ಟನ್ನು ಹೊರಕ್ಕೆ ಎಳೆಯಿರಿ.

ಯಾವ ಕೈಯಲ್ಲಿ?

ಕವರ್ ಬಿಟ್ಟರೆ ಅದು ಮುಂಗೈ ಮೇಲೆ ಬೀಳುತ್ತದೆ. ಲೀವರ್ ಬಿಟ್ಟರೆ ಬೆಲ್ಟ್ ಬಿಗಿಯಾಗುತ್ತದೆ. ಹಾಗೇ ನಿಂತು ಆಚೀಚೆ ನೋಡಿದೆ. ಅಲ್ಲಿದ್ದ ಹಿರಿಯ ಫಿಟ್ಟರ್ ನಗುತ್ತಾ ಬಂದರು. ಹದಿನೆಂಟು ವರ್ಷದಿಂದ ಅವರು ಕವರನ್ನು ಹಣೆಯಿಂದ ಎತ್ತಿ ಹಿಡಿಯುತ್ತಿದ್ದರು. ಟೋಪಿ ಹಾಕಿಕೊಳ್ಳುವುದೇ ಅದಕ್ಕಂತೆ. ವಿನ್ಯಾಸ ಮಾಡಿದ ಇಂಜಿನಿಯರ್ ಮೊಣಕಾಲು ಬಳಸುತ್ತಿದ್ದನಂತೆ, ಅವನು ಎತ್ತರದವನು. ಇಬ್ಬರಿಗೂ ಅದು ಒಂದು ಹಂತ ಎಂದು ಅನಿಸಿಯೇ ಇರಲಿಲ್ಲ. ದೇಹಕ್ಕೆ ಗೊತ್ತಿದ್ದುದು ಬಾಯಿಗೆ ಬಂದಿರಲಿಲ್ಲ, ಹಾಗಾಗಿ ಕಾಗದಕ್ಕೂ ಬಂದಿರಲಿಲ್ಲ.

ಆವತ್ತು ನಾನು ಬರೆದದ್ದು ಇಷ್ಟೇ: ಆರನೇ ಹಂತದ ಮೊದಲು, ಕವರನ್ನು ಎತ್ತಿ ಪಕ್ಕದ ಕೊಂಡಿಗೆ 6 ಮಿಲಿಮೀಟರಿನ ಪಿನ್ ಸಿಕ್ಕಿಸಿ. ಕೊಂಡಿಯಲ್ಲಿ ತೂತು ಮೊದಲಿನಿಂದಲೂ ಇತ್ತು. ಬೇರೆ ಯಾವುದಕ್ಕೋ ಮಾಡಿದ್ದು. ಯಾರೂ ಅದರಲ್ಲಿ ಪಿನ್ ಇಟ್ಟು ನೋಡಿರಲಿಲ್ಲ. ಪಿಂಪ್ರಿಯಿಂದ ಮನೆಗೆ ಬರುವ ಬಸ್ಸಿನಲ್ಲಿ ನಾನು ಒಬ್ಬನೇ ನಗುತ್ತಿದ್ದೆ. ಪಕ್ಕದ ಹೆಂಗಸು ಚೀಲ ಸರಿಸಿಕೊಂಡು ದೂರ ಕೂತರು. ಕತೆ ಬರೆದಾಗ ನನಗೆ ಹೀಗಾಗಿರಲಿಲ್ಲ. ಕತೆ ಬರೆದಾಗ ಯಾರು ಏನೆನ್ನುತ್ತಾರೋ ಎನ್ನುವ ಅಳುಕೇ ಹೆಚ್ಚು. ಇಲ್ಲಿ ಯಾರೂ ಏನೂ ಅನ್ನುವುದಿಲ್ಲ. ಸರಿಯಾದ ಹಂತ ಯಾರ ಗಮನಕ್ಕೂ ಬರುವುದಿಲ್ಲ, ತಪ್ಪಿದ ಹಂತ ಮಾತ್ರ ಬರುತ್ತದೆ.

ಇದಾದ ಮೇಲೆ ಪದಗಳ ಕಡೆಗೂ ಬೇರೆ ಥರ ನೋಡತೊಡಗಿದೆ. ವಿಮಾನ ರಿಪೇರಿಯ ಮ್ಯಾನುಅಲ್‌ಗಳಿಗೆಂದು ರೂಪಿಸಿದ ಒಂದು ಸರಳ ಇಂಗ್ಲಿಷ್ ಇದೆ. ಒಪ್ಪಿತ ಪದಗಳು ಒಂಬೈನೂರರ ಆಸುಪಾಸು, ಸೂಚನಾ ವಾಕ್ಯಕ್ಕೆ ಇಪ್ಪತ್ತು ಪದದ ಮಿತಿ, ಒಂದು ಪದಕ್ಕೆ ಒಂದೇ ಅರ್ಥ. ಸಾಹಿತ್ಯ ಓದಿದವನಿಗೆ ಇದು ಜೈಲು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅದರ ಕೆಲವು ನಿಯಮಗಳು ಕನ್ನಡಕ್ಕೆ ಹುಟ್ಟಿನಿಂದಲೇ ಬಂದಿವೆ ಎಂದು ಗೊತ್ತಾದಾಗ ಮಜಾ ಅನಿಸಿತು. "ಮುಚ್ಚಳ ತೆಗೆಯಬೇಡಿ, ಕೆಂಪು ದೀಪ ಉರಿಯುತ್ತಿದ್ದರೆ" ಎಂದು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ. ಷರತ್ತನ್ನು ಮೊದಲು ಹೇಳಿ ಎಂದು ಅವರಿಗೆ ನಿಯಮ ಮಾಡಿ ಕಲಿಸಬೇಕು, ಇಲ್ಲದಿದ್ದರೆ ಷರತ್ತು ಓದುವಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಕನ್ನಡದಲ್ಲಿ "ಕೆಂಪು ದೀಪ ಉರಿಯುತ್ತಿದ್ದರೆ" ಎನ್ನುವುದು ತಾನಾಗಿ ಮೊದಲು ಬರುತ್ತದೆ. ಆದರೆ ನಮ್ಮಲ್ಲೂ ಒಂದು ಕಂಟಕವಿದೆ. ಇಲ್ಲ ಎನ್ನುವುದನ್ನು ನಾವು ಪದದ ಬಾಲಕ್ಕೆ ಕಟ್ಟುತ್ತೇವೆ. "ತೆಗೆಯಬೇಡಿ" ಎನ್ನುವಾಗ ಅವಸರದ ಕಣ್ಣಿಗೆ ಮೊದಲು ಬೀಳುವುದು "ತೆಗೆಯ".

ಇನ್ನು "ಬಹುದು". ಅಪ್ಪಣೆಯೂ ಅದೇ, ಸಂಭವವೂ ಅದೇ. "ಮಕ್ಕಳು ಮುಚ್ಚಳ ತೆಗೆಯಬಹುದು" ಎಂದರೆ ತೆಗೆಯಲಿ ಬಿಡಿ ಎಂದೋ, ತೆಗೆದುಬಿಟ್ಟಾರು ಜೋಕೆ ಎಂದೋ? ಇಂಗ್ಲಿಷಿನ "ಮೇ"ಗೂ ಇದೇ ರೋಗ. ಇಂಟರ್ನೆಟ್ಟಿನ ಮಾನದಂಡಗಳನ್ನು ಬರೆಯುವವರು ಇಂಥ ಪದಗಳಿಂದ ಬೇಸತ್ತು 1997ರಲ್ಲಿ ಆರ್‌ಎಫ್‌ಸಿ 2119 ಎನ್ನುವ ಪುಟ್ಟ ದಾಖಲೆ ಹೊರಡಿಸಿದರು. ಕೆಲವೇ ಪುಟ. "ಮಸ್ಟ್" ಎಂದರೆ ವಿನಾಯಿತಿ ಇಲ್ಲ. "ಶುಡ್" ಎಂದರೆ ತಕ್ಕ ಕಾರಣವಿದ್ದರೆ, ಪರಿಣಾಮವನ್ನು ಪೂರ್ತಿ ತೂಗಿ ನೋಡಿದ ಮೇಲೆ ಬಿಡಬಹುದು. "ಮೇ" ಎಂದರೆ ನಿಮ್ಮಿಷ್ಟ. ನಮ್ಮ ನೆಂಟರಿಷ್ಟರಲ್ಲಿ ಈ ದಾಖಲೆ ಹಂಚಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. "ಮದುವೆಗೆ ಬರಬೇಕು" ಎಂದವರು ಯಾವ ಬೇಕು ಹೇಳಿದರೆನ್ನುವುದು ಹೋಗದಿದ್ದಾಗಲೇ ಗೊತ್ತಾಗುವುದು.

ತಮಾಷೆ ಇಲ್ಲಿಗೆ ಮುಗಿಯುತ್ತದೆ, ಯಾಕೆಂದರೆ ಈ "ಬಹುದು" ನನ್ನನ್ನು ಒಮ್ಮೆ ಸಿಕ್ಕಿಸಿಹಾಕಿತು. ಎಚ್ಚರಿಕೆಗಳಿಗೂ ಒಂದು ಏಣಿಯಿದೆ. ತಪ್ಪಿಸದಿದ್ದರೆ ಸಾವು ಅಥವಾ ತೀವ್ರ ಗಾಯ ಆಗೇ ಆಗುತ್ತದೆ ಎಂದಾದರೆ "ಡೇಂಜರ್". ಆಗಬಹುದು ಎಂದಾದರೆ "ವಾರ್ನಿಂಗ್". ಸಣ್ಣ ಅಥವಾ ಮಧ್ಯಮ ಗಾಯವಾಗಬಹುದಾದರೆ "ಕಾಷನ್". ಮನುಷ್ಯರಿಗಲ್ಲದೆ ವಸ್ತುವಿಗೆ ಹಾನಿಯಾದರೆ "ನೋಟಿಸ್". ನಮ್ಮ ಯಂತ್ರದಲ್ಲಿ ಫಾಯಿಲ್ ಅಂಟಿಸುವ ಒಂದು ಲೋಹದ ತಟ್ಟೆಯಿದೆ, 160 ಡಿಗ್ರಿಯವರೆಗೆ ಕಾಯುತ್ತದೆ. ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಇರುತ್ತದೆ, ಬಣ್ಣ ಬದಲಾಗುವುದಿಲ್ಲವಾದ್ದರಿಂದ ನೋಡಿದರೆ ಗೊತ್ತಾಗುವುದಿಲ್ಲ. ನಾನು "ತಟ್ಟೆ ಬಿಸಿಯಾಗಿರುತ್ತದೆ, 40 ನಿಮಿಷ ಕಾಯಿರಿ" ಎಂದು ಬರೆದಿದ್ದೆ. ಆ 40 ಫಿಟ್ಟರ್ ಹೇಳಿದ ಅಂದಾಜು. ಪರಿಶೀಲನಾ ಸಭೆಯಲ್ಲಿ ಮಾರಾಟ ವಿಭಾಗದವರು ಬೆರಳಿಟ್ಟರು. ಬ್ರೋಷರ್‌ನಲ್ಲಿ ಬಿಡಿಭಾಗ ಬದಲಿಸಲು ಅರ್ಧ ಗಂಟೆ ಸಾಕು ಎಂದಿದೆ, ಇಲ್ಲಿ ನೋಡಿದರೆ ಕಾಯುವುದೇ ನಲವತ್ತು ನಿಮಿಷ. "ಬಿಸಿಯಾಗಿರಬಹುದು, ತಣ್ಣಗಾಗುವವರೆಗೆ ಕಾಯಿರಿ ಅಂತ ಹಾಕಿ. ಸುಳ್ಳಲ್ಲವಲ್ಲ?"

ಸುಳ್ಳಲ್ಲ. ವ್ಯಾಕರಣದ ಪ್ರಕಾರ ಒಂದಿಷ್ಟೂ ಸುಳ್ಳಲ್ಲ. ಇರುವುದೆಲ್ಲ ಇರಬಹುದಾದದ್ದೇ. "ಈ 40 ಎಲ್ಲಿಂದ ಬಂತು?" ಎಂದು ಕೇಳಿದಾಗ ನನ್ನ ಬಳಿ ಫಿಟ್ಟರರ ಹೆಸರು ಬಿಟ್ಟು ಬೇರೆ ಏನಿರಲಿಲ್ಲ. ಅವರ ಹೆಸರು ಹೇಳಿದರೆ ಅವರಿಗೆ ತೊಂದರೆ ಎಂದು ಸುಮ್ಮನಿದ್ದೆ, ಅಥವಾ ಹಾಗಂತ ನನಗೆ ನಾನೇ ಹೇಳಿಕೊಂಡೆ. ಒಪ್ಪಿದೆ. ಬದಲಾದ ವಾಕ್ಯ ಅಚ್ಚಾಯಿತು, ಯಂತ್ರಗಳ ಜೊತೆ ಹೋಯಿತು. ಯಾರ ಕೈ ಸುಟ್ಟ ಸುದ್ದಿಯೂ ಬರಲಿಲ್ಲ. ಅಂಥ ಸುದ್ದಿ ನನ್ನವರೆಗೆ ಬರುವ ದಾರಿಯೂ ಇಲ್ಲ.

ಆ ದಿನಗಳಲ್ಲೇ ಪ್ರೀಮೋ ಲೆವಿಯ "ದಿ ಪೀರಿಯಾಡಿಕ್ ಟೇಬಲ್" ಓದಿದೆ. 1975ರ ಪುಸ್ತಕ, ಒಂದೊಂದು ಅಧ್ಯಾಯಕ್ಕೆ ಒಂದೊಂದು ಮೂಲವಸ್ತುವಿನ ಹೆಸರು. ಲೆವಿ ಆಶ್‌ವಿಟ್ಸ್‌ನಿಂದ ಬದುಕಿ ಬಂದ ಇಟಲಿಯ ರಸಾಯನಶಾಸ್ತ್ರಜ್ಞ. ಯುದ್ಧ ಮುಗಿದ ಮೇಲೆ ಟ್ಯೂರಿನ್ ಹತ್ತಿರದ ಒಂದು ಬಣ್ಣದ ಕಾರ್ಖಾನೆಗೆ ಸೇರಿದಾಗ, ಹೆಪ್ಪುಗಟ್ಟಿ ಹಾಳಾದ ಬಣ್ಣದ ರಾಶಿ ತೋರಿಸಿ ಕಾರಣ ಹುಡುಕು ಎಂದರು. ಆತ ಹಳೆಯ ಪರೀಕ್ಷಾ ಚೀಟಿಗಳನ್ನು ಒಂದೊಂದಾಗಿ ನೋಡುತ್ತಾ ಕೂತ. ಒಂದರಲ್ಲಿ, ಇಂಥ ದ್ರಾವಣದ 23 ಹನಿ ಹಾಕಿ ಎಂದಿತ್ತು. ಹನಿಗಳನ್ನು ಯಾರಾದರೂ 23 ಎಂದು ಎಣಿಸುತ್ತಾರೆಯೇ? ಹಿಂದಕ್ಕೆ ಹೋದಾಗ ಮೂಲ ಚೀಟಿಯಲ್ಲಿ ಇದ್ದದ್ದು "2 ಅಥವಾ 3". ನಡುವಿನ "ಅಥವಾ" ಅರ್ಧ ಅಳಿಸಿಹೋಗಿತ್ತು. ನಕಲು ಮಾಡಿದವರು 23 ಮಾಡಿದ್ದರು, ಅದನ್ನೇ ಮುಂದಿನವರು ನಕಲು ಮಾಡಿದ್ದರು. ತಪ್ಪು ಪರೀಕ್ಷೆಯಲ್ಲಿ ಕೆಟ್ಟ ಮಾಲು ಪಾಸಾಗಿ ಬಣ್ಣ ಹಾಳಾಗಿತ್ತು. ಒಂದು "ಅಥವಾ"!

ಆದರೆ ನನ್ನನ್ನು ಕಾಡಿದ್ದು ಕತೆಯ ಬಾಲ. ಹಾಳಾದ ಬಣ್ಣ ಸರಿಪಡಿಸಲು ಲೆವಿ ಅದಕ್ಕೆ ಅಮೋನಿಯಂ ಕ್ಲೋರೈಡ್ ಸೇರಿಸುವ ಉಪಾಯ ಹುಡುಕಿದ. ಕೆಲಸ ಮಾಡಿತು. ಕೆಟ್ಟ ಮಾಲು ಖರ್ಚಾಗಿ ಮುಗಿಯಿತು. ಲೆವಿಯೂ ಆ ಕಾರ್ಖಾನೆ ಬಿಟ್ಟ. ವರ್ಷಗಳ ನಂತರವೂ ಆ ಬಣ್ಣಕ್ಕೆ ಅಮೋನಿಯಂ ಕ್ಲೋರೈಡ್ ಬೀಳುತ್ತಲೇ ಇತ್ತು, ಈಗ ಅದು ಪೂರ್ತಿ ಅನಗತ್ಯ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲವಾದ್ದರಿಂದ ತೆಗೆಯಲು ಯಾರಿಗೂ ಧೈರ್ಯವಿಲ್ಲ. ಅದೇ ಅಧ್ಯಾಯದಲ್ಲಿ ಇನ್ನೊಂದು ಬರುತ್ತದೆ. ಹಳೆಯ ವಾರ್ನಿಷ್ ಪಾಕವೊಂದರಲ್ಲಿ, ಕುದಿಯುವ ಅಗಸೆ ಎಣ್ಣೆಗೆ ಎರಡು ಹೋಳು ಈರುಳ್ಳಿ ಹಾಕಿ ಎಂದಿತ್ತಂತೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಈರುಳ್ಳಿ ಕರಿಯುವುದನ್ನು ನೋಡಿ ಎಣ್ಣೆಯ ಹದ ಹೇಳುತ್ತಿದ್ದರು. ಥರ್ಮಾಮೀಟರ್ ಬಂದ ಮೇಲೂ ಈರುಳ್ಳಿ ಉಳಿಯಿತು.

ಕಾರಣ ಬರೆಯದ ಸೂಚನೆಗೆ ಎರಡೇ ಗತಿ. ಒಂದೋ ಈರುಳ್ಳಿಯಂತೆ ಅರ್ಥ ಕಳೆದುಕೊಂಡು ಶಾಶ್ವತವಾಗುತ್ತದೆ, ಇಲ್ಲವೇ ನನ್ನ 40 ನಿಮಿಷದಂತೆ ಮೊದಲ ಸಭೆಯಲ್ಲೇ ಬಿದ್ದುಹೋಗುತ್ತದೆ.

ಅದಕ್ಕೇ ಒಂದು ಶನಿವಾರ ಮಧ್ಯಾಹ್ನ ಶೆಡ್ಡಿಗೆ ಹೋದೆ. ತಟ್ಟೆಯನ್ನು 160ಕ್ಕೆ ಕಾಯಿಸಿ, ಸ್ವಿಚ್ ಆರಿಸಿ, ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಕೈಯಲ್ಲಿ ಇನ್ಫ್ರಾರೆಡ್ ಗನ್ ಇತ್ತು. ಫಿಟ್ಟರ್ ನೋಡಿ ತಲೆಯಾಡಿಸಿದರು. ಹೊಳೆಯುವ ಲೋಹಕ್ಕೆ ಅದನ್ನು ಹಿಡಿದರೆ ಇರುವುದಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದಂತೆ. ತಟ್ಟೆಗೇ ತಾಗಿಸಿಡುವ ಥರ್ಮೋಕಪಲ್ ತಂದುಕೊಟ್ಟರು. ನಿಮಿಷಕ್ಕೊಂದು ಸಲ ಅಂಕಿ ಬರೆದುಕೊಳ್ಳುತ್ತಾ ಹೋದೆ. 160ರಿಂದ 100ಕ್ಕೆ ಹನ್ನೊಂದು ನಿಮಿಷದಲ್ಲಿ ಇಳಿಯಿತು. ಆಮೇಲೆ ನಿಧಾನ. ಕೊನೆಯ ಹತ್ತು ಡಿಗ್ರಿಗೇ, 55ರಿಂದ 45ಕ್ಕೆ, ಒಂಬತ್ತು ನಿಮಿಷ. ಫ್ಯಾನಿಲ್ಲ, ಹೊರಗೆ ಮೇ ತಿಂಗಳ ಬಿಸಿಲು, ಎಲ್ಲೋ ಯಾರೋ ಗ್ರೈಂಡರ್ ಹಿಡಿದಿದ್ದರು. ಒಂದು ತಟ್ಟೆ ತಣ್ಣಗಾಗುವುದನ್ನು ನೋಡುವುದಕ್ಕಿಂತ ಬೇಸರದ ಕೆಲಸ ಈ ಲೋಕದಲ್ಲಿ ಇದ್ದರೆ ನನಗೆ ತಿಳಿಸಿ. ನನ್ನ ವೃತ್ತಿಯಲ್ಲೇ ಅಷ್ಟು ಖುಷಿಯ ಮಧ್ಯಾಹ್ನ ಇನ್ನೊಂದಿಲ್ಲ. ಒಂದೊಂದು ಅಂಕಿ ಬರೆದಾಗಲೂ ಯಾವುದೋ ಊರಿನ ಯಾವುದೋ ಪಾಳಿಯ ಹುಡುಗನ ಬೆರಳು ಕಾಣುತ್ತಿತ್ತು. ಬದ್ದಿಯಲ್ಲೋ, ಅಂಕಲೇಶ್ವರದಲ್ಲೋ. ಅವನಿಗೆ ನನ್ನ ಪರಿಚಯವಿಲ್ಲ, ಆಗುವುದೂ ಇಲ್ಲ. 38ನೇ ನಿಮಿಷಕ್ಕೆ 45 ಬಂತು. ಫಿಟ್ಟರರ ಅಂದಾಜಿಗೆ ಎರಡೇ ನಿಮಿಷ ವ್ಯತ್ಯಾಸ. ಅವರಿಗೆ ಹೇಳಿದಾಗ ಅವರೇನೂ ಆಶ್ಚರ್ಯಪಡಲಿಲ್ಲ.

ಮುಂದಿನ ಆವೃತ್ತಿಯಲ್ಲಿ ಬರೆದೆ: ಸ್ವಿಚ್ ಆರಿಸಿದ ಮೇಲೂ ತಟ್ಟೆ ಬಿಸಿಯಾಗಿರುತ್ತದೆ. ಮುಟ್ಟಿದರೆ ಸುಡುತ್ತದೆ. 160 ಡಿಗ್ರಿಯಿಂದ 45ಕ್ಕೆ ಇಳಿಯಲು 38 ನಿಮಿಷ ಬೇಕು. 40 ನಿಮಿಷ ಕಾಯಿರಿ. ಅಳತೆಯ ಹಾಳೆಯನ್ನೂ ಜೊತೆಗಿಟ್ಟೆ. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಬ್ರೋಷರ್‌ನಲ್ಲಿ ಮಾತ್ರ ಇವತ್ತಿಗೂ ಅರ್ಧ ಗಂಟೆ ಎಂದೇ ಇದೆ. ಮೊದಲು ಹೋದ ಪ್ರತಿಗಳೂ ಹೋದ ಕಡೆಯೇ ಇವೆ. ಅವುಗಳನ್ನು ವಾಪಸು ತರಿಸುವ ಅಧಿಕಾರ ನನಗಿಲ್ಲ, ಕೇಳಿದರೂ ಯಾರೂ ಕೊಡಲಿಲ್ಲ. ಆ ಮಧ್ಯಾಹ್ನದ ಹಿಗ್ಗಿನ ಪಕ್ಕದಲ್ಲಿ ಇದೂ ಕೂತಿದೆ.

ಈಗ ಆ ಅನುಮಾನಕ್ಕೆ ಬರುತ್ತೇನೆ. ನಮ್ಮ ಆಫೀಸಿನ ಗೋಡೆಗಳ ಮೇಲೆ ಕೆಲಸವನ್ನು ಪ್ರೀತಿಸಿ ಎನ್ನುವ ಪೋಸ್ಟರುಗಳಿವೆ. ಬೆಂಗಳೂರಿನ ಆಫೀಸುಗಳಲ್ಲಿ ಶರಣರ ಕಾಯಕ ತತ್ವವನ್ನೂ ಹೀಗೆ ಫ್ರೇಮು ಹಾಕಿಸಿಟ್ಟಿದ್ದನ್ನು ನೋಡಿದ್ದೇನೆ. ನೋಡಿದಾಗ ಮೈ ಉರಿಯುತ್ತದೆ. ಕಾಯಕದ ಪಕ್ಕದಲ್ಲೇ ಇದ್ದ ದಾಸೋಹವನ್ನು ಕತ್ತರಿಸಿ, ಬರೀ ದುಡಿಮೆಯನ್ನು ಗೋಡೆಗೆ ತೂಗುಹಾಕಿರುತ್ತಾರೆ. ಬೇಸರದಲ್ಲಿ ಖುಷಿ ಕಂಡುಕೋ ಎಂದು ಮೇಲಿನವರು ಹೇಳಿದರೆ ಅದು ಖುಷಿಯಲ್ಲ, ಸಂಬಳ ಏರಿಸದಿರಲು ನೆಪ. ಎಲ್ಲ ಬೇಸರದ ಕೆಲಸದಲ್ಲೂ ಬೆಳಕಿದೆ ಎಂದು ನಾನು ಹೇಳಲಾರೆ. ಫ್ರಾನ್ಸಿನ ಸಿಮೋನ್ ವೇಲ್ ಗಮನವಿಟ್ಟು ನೋಡುವುದನ್ನು ಪ್ರಾರ್ಥನೆಯ ಎತ್ತರಕ್ಕೆ ಏರಿಸಿದ ಚಿಂತಕಿ. ಅವಳು ಅಧ್ಯಾಪಕಿಯ ಕೆಲಸಕ್ಕೆ ರಜೆ ಹಾಕಿ 1934ರ ಡಿಸೆಂಬರ್‌ನಿಂದ 1935ರ ಆಗಸ್ಟ್‌ವರೆಗೆ ಪ್ಯಾರಿಸ್ಸಿನ ಕಾರ್ಖಾನೆಗಳಲ್ಲಿ ದುಡಿದಳು. ತುಂಡಿಗಿಷ್ಟು ಎಂದು ಕೂಲಿ ಕೊಡುವ ಆ ವೇಗದಲ್ಲಿ ಅವಳಿಗೆ ಯೋಚಿಸುವುದೇ ಅಸಾಧ್ಯವಾಯಿತು, ಯೋಚನೆ ನಿಂತರೇ ನೋವು ಕಡಿಮೆ ಎನ್ನುವಂತಾಯಿತು. ನನಗೆ ಸ್ಟೂಲು ಹಾಕಿಕೊಂಡು 38 ನಿಮಿಷ ಕೂರುವ ಸ್ವಾತಂತ್ರ್ಯವಿತ್ತು. ಆ ಯಂತ್ರದ ಮುಂದೆ ಪಾಳಿ ಮಾಡುವವನಿಗೆ ಅದಿಲ್ಲ. ನನ್ನ ಹಿಗ್ಗಿನ ಅರ್ಧ ಪಾಲು ಈ ಸ್ವಾತಂತ್ರ್ಯದ್ದು, ಅದನ್ನು ಮರೆತು ಬರೆದರೆ ನಾನೂ ಒಂದು ಪೋಸ್ಟರ್ ಬರೆದಂತೆ.

ಆದರೆ ಉಳಿದರ್ಧ ಕಂಪನಿಯದಲ್ಲ ಎಂದು ನನಗೆ ಈಗ ಖಾತ್ರಿಯಿದೆ. ಕಂಪನಿಗೆ ಬೇಕಾಗಿದ್ದುದು ಮ್ಯಾನುಅಲ್, ಅದನ್ನು ಕೊಟ್ಟಿದ್ದೇನೆ. ಮೂರನೇ ಕೈಯನ್ನು ಯಾರೂ ಕೇಳಿರಲಿಲ್ಲ. ಕಾಯಕದ ಮಾತು ಬಂದಾಗ ನನಗೆ ನೆನಪಾಗುವುದು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ತಂದಲ್ಲೇ ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳಿಸಿದಳು. ನಾನು ವಾಕ್ಯದಿಂದ ಪದ ತೆಗೆಯುವಾಗ ಇದು ನೆನಪಾಗುತ್ತದೆ. "ದಯವಿಟ್ಟು ಈ ಕೆಳಗಿನ ಕ್ರಮವನ್ನು ಗಮನವಿಟ್ಟು ಅನುಸರಿಸತಕ್ಕದ್ದು" ಎನ್ನುವ ವಾಕ್ಯದಲ್ಲಿ ಓದುವವನಿಗೆ ಬೇಕಾದ ಒಂದು ಕಾಳೂ ಇಲ್ಲ. ಅಷ್ಟೂ ನಾನು ಅವನ ಹೊತ್ತಿನಿಂದ ಆಯ್ದುಕೊಂಡದ್ದು. ಅವನು ಎಣ್ಣೆ ಕೈಯಲ್ಲಿ ನಿಂತಿದ್ದಾನೆ. ಸುರಿದು ಬರಬೇಕು.

2021ರ ಮೇ ತಿಂಗಳಲ್ಲಿ ಗದಗಿನಿಂದ ಚಿಕ್ಕಮ್ಮ ಫೋನ್ ಮಾಡಿದರು. ಚಿಕ್ಕಪ್ಪನಿಗೆ ಕೋವಿಡ್, ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಡಾಕ್ಟರು ಮನೆಯಲ್ಲೇ ಆಕ್ಸಿಜನ್ ಕೊಡಿ ಎಂದಿದ್ದಾರೆ. ಯಾರೋ ಪುಣ್ಯಾತ್ಮರು ಒಂದು ಆಕ್ಸಿಜನ್ ಕಾನ್ಸಂಟ್ರೇಟರ್ ತಂದು ಜಗಲಿಯ ಮೇಲಿಟ್ಟು, ಪುಸ್ತಕ ಕೈಗೆ ಕೊಟ್ಟು ಹೋಗಿದ್ದರು. ಇಂಗ್ಲಿಷ್ ಪುಸ್ತಕ. ಮನೆಯಲ್ಲಿ ಇಬ್ಬರೇ. ಪುಣೆಯಿಂದ ಹೋಗುವ ದಾರಿಗಳು ಮುಚ್ಚಿದ್ದವು. ಅವರು ಒಂದೊಂದೇ ಪುಟದ ಫೋಟೋ ಕಳಿಸಿದರು. ನಾನು ರಾತ್ರಿ ಕೂತು ಹನ್ನೊಂದು ಸಾಲು ಕನ್ನಡ ಬರೆದು ವಾಟ್ಸಾಪ್ ಮಾಡಿದೆ.

ಪುಸ್ತಕದಲ್ಲಿ, ಯಂತ್ರದ ಸುತ್ತ 30 ಸೆಂಟಿಮೀಟರ್ ಜಾಗ ಇರಲಿ ಎಂದಿತ್ತು. ಗೋಡೆಯಿಂದ ಒಂದು ಮೊಳ ದೂರ ಇಡಿ ಎಂದು ಬರೆದೆ. ಬಟ್ಟಿ ಇಳಿಸಿದ ನೀರು ಎಂದಿದ್ದಲ್ಲಿ, ಅದು ಸಿಗದಿದ್ದರೆ ಕಾಯಿಸಿ ಆರಿಸಿದ ನೀರು, ಬಾಟಲಿಯ ಎರಡು ಗೆರೆಗಳ ನಡುವೆ, ಎಂದೆ. "ತೆರೆದ ಜ್ವಾಲೆಯಿಂದ ದೂರವಿಡಿ" ಎನ್ನುವ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಚಿಕ್ಕಮ್ಮನ ಮನೆಯಲ್ಲಿ ತೆರೆದ ಜ್ವಾಲೆ ಎಲ್ಲಿದೆ? ಆಮೇಲೆ ಮನೆಯ ಒಳಗೆ ಮನಸ್ಸಿನಲ್ಲೇ ನಡೆದೆ. ಜಗಲಿ, ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ದೇವರ ಗೂಡು. ಚಿಕ್ಕಪ್ಪನ ಮಂಚ ಅದರ ಪಕ್ಕದಲ್ಲೇ. "ಯಂತ್ರ ಇರೋ ಕೋಣೆಯಲ್ಲಿ ದೇವರ ದೀಪ, ಊದಿನಕಡ್ಡಿ, ಕರ್ಪೂರ ಬೇಡ. ದೇವರನ್ನು ಅಡಿಗೆಮನೆಗೆ ಕರಕೊಂಡು ಹೋಗಿ" ಎಂದು ಬರೆದೆ. ಅದನ್ನು ಓದಿ ಅವರು ಫೋನಿನಲ್ಲಿ ನಕ್ಕರು. ಆ ವಾರ ಅವರು ನಕ್ಕಿದ್ದು ಅಷ್ಟೇ ಇರಬೇಕು.

ಎಂಟನೇ ಸಾಲು: ಗಾಜಿನ ಕೊಳವೆಯೊಳಗಿನ ಗುಂಡು, ಡಾಕ್ಟರು ಹೇಳಿದ ಅಂಕಿಯ ಗೆರೆಗೆ ಬರುವ ಹಾಗೆ ತಿರುಪು ತಿರುಗಿಸಿ. ಐದು ನಿಮಿಷದಲ್ಲಿ ಫೋನ್ ಬಂತು.

"ಗುಂಡಿನ ಯಾ ಭಾಗ ಗೆರಿಗೆ ಬರಬೇಕ? ತಲೀನೋ, ನಡಾನೋ, ತಳಾನೋ?"

ನನಗೆ ಮಾತು ಹೊರಡಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ. ನನಗೆ ಗೊತ್ತಿತ್ತು: ಗುಂಡಾಗಿದ್ದರೆ ನಡುಭಾಗ ನೋಡಬೇಕು, ಬೇರೆ ಆಕಾರದ ತೇಲುಬೊಟ್ಟಾದರೆ ಸಾಮಾನ್ಯವಾಗಿ ಮೇಲಿನ ಅಂಚು. ಗೊತ್ತಿದ್ದೂ ಬರೆದಿರಲಿಲ್ಲ. ಹಣೆಯಿಂದ ಕವರ್ ಎತ್ತಿ ಹಿಡಿದಿದ್ದ ಫಿಟ್ಟರ್ ಈಗ ನಾನೇ ಆಗಿದ್ದೆ. "ನಡಾ" ಎಂದೆ. "ಹಂಗಂತ ಬರೀಬೇಕಲ್ಲೊ" ಎಂದರು.

ಚಿಕ್ಕಪ್ಪ ಚೇತರಿಸಿಕೊಂಡರು. ಅದಕ್ಕೆ ನನ್ನ ಹನ್ನೊಂದು ಸಾಲು ಕಾರಣವೆಂದು ನಾನು ನಂಬಿಲ್ಲ. ಅದೇ ಓಣಿಯಲ್ಲಿ ಎಲ್ಲ ಸರಿಯಾಗಿ ಮಾಡಿದವರ ಮನೆಯಲ್ಲೂ ಸಾವಾಯಿತು. ಯಂತ್ರ ಆಮೇಲೆ ಮೂರು ಮನೆ ಸುತ್ತಿತು. ಚಿಕ್ಕಮ್ಮ ಹಾಳೆಯ ಮೇಲೆ ಸಾಲುಗಳನ್ನು ದುಂಡಗೆ ನಕಲು ಮಾಡಿ ಅದಕ್ಕೆ ಅಂಟಿಸಿ ಕಳಿಸಿದ್ದರು. ಹನ್ನೆರಡನೇ ಸಾಲು ಅವರದೇ: ಕರೆಂಟು ಹೋದರೆ ಗಾಬರಿ ಬ್ಯಾಡ, ಮಗ್ಗುಲಾಗ ಸಿಲಿಂಡರ ಇಟಗೊಂಡಿರ್ರಿ, ಕೀಲಿ ಯಾವ ಕಡೆ ತಿರುವಬೇಕು ಮೊದಲೇ ನೋಡಿಕೊಳ್ರಿ. ಆ "ಮೊದಲೇ" ನನ್ನ ತಲೆಗೆ ಹೊಳೆದಿರಲಿಲ್ಲ.

ಲಾಕ್‌ಡೌನ್ ಸಡಿಲವಾದ ಮೇಲೆ ಆಫೀಸಿಗೆ ಹೋದ ಮೊದಲ ವಾರವೇ ನನ್ನ ಹಳೆಯ ಮ್ಯಾನುಅಲ್ ತೆರೆದೆ. ತಂಪು ನೀರಿನ ಹರಿವಿಗೆ ನಮ್ಮ ಯಂತ್ರದಲ್ಲೂ ಅಂಥದೇ ಗಾಜಿನ ಕೊಳವೆ, ಅಂಥದೇ ಗುಂಡು. ಪುಟ 61. "ಹರಿವನ್ನು 3ಕ್ಕೆ ಹೊಂದಿಸಿ" ಎಂದು ನಾನೇ ಬರೆದಿದ್ದೆ. ಆರು ವರ್ಷ, ಆರು ಆವೃತ್ತಿ ಹಾಗೇ ಇತ್ತು. "ಗುಂಡಿನ ನಡುಭಾಗ 3ರ ಗೆರೆಗೆ ಬರಬೇಕು" ಎಂದು ತಿದ್ದಿದೆ. ತಿದ್ದುಪಡಿಗಳ ಕೋಷ್ಟಕದಲ್ಲಿ ಕಾರಣ ಎನ್ನುವ ಕಾಲಮ್ಮಿನಲ್ಲಿ "ಬಳಕೆದಾರರ ಪ್ರಶ್ನೆ" ಎಂದು ತುಂಬಿದೆ.

ಪರಿಶೀಲನೆಗೆ ಕೂತ ಮ್ಯಾನೇಜರ್, "ಯಾವ ಕಸ್ಟಮರ್ ಕೇಳಿದ್ದು?" ಎಂದರು.

"ಗದಗದವರು" ಎಂದೆ.

"ಅಲ್ಲೂ ನಮ್ಮ ಮಶೀನ್ ಇದೆಯಾ?" ಎನ್ನುತ್ತಾ ಸಹಿ ಹಾಕಿದರು.